ಟಂಕಸಾಲಿಯೆಂಬ ಸಾಲಿ

ನಮ್ಮ ಉಮದಿಯ ಕಡೆ ಮಾತಿನ ಕೊನೆಯ ಎಕಾರ ಹೆಚ್ಚು ದಿನ ಬಾಳುವುದಿಲ್ಲ. ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ. ಹಾಗೆಯೇ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಟಂಕಸಾಲಿಯಾಯಿತು. ಅದರಿಂದ ನನ್ನ ಮದುವೆ ಮುರಿಯುವುದರಲ್ಲಿತ್ತು.

ಅದು ನಯಾ ಪೈಸೆ ಬಂದ ವರ್ಷ. ರೂಪಾಯಿಗೆ ನೂರು ಪೈಸೆಯೆಂದು ಮಕ್ಕಳಿಗೆ ಕಲಿಸುತ್ತಿದ್ದ ನನಗೆ, ಈ ನೂರರ ಹುಚ್ಚು ಬೇರೆ ಯಾರಿಗೆಲ್ಲ ಹಿಡಿದಿತ್ತೆಂಬ ಕುತೂಹಲ ಹುಟ್ಟಿತು. ವಿಜಾಪುರದ ವಾಚನಾಲಯದಲ್ಲಿ ದಪ್ಪದೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅಮೆರಿಕದವರು ಸ್ವತಂತ್ರರಾದ ಹೊಸದರಲ್ಲಿ ಡಾಲರನ್ನು ನೂರು ಪಾಲು ಮಾಡಿ, ಫಿಲಡೆಲ್ಫಿಯಾದಲ್ಲಿ ಟಂಕಸಾಲೆ ತೆರೆದರಂತೆ. ನಮ್ಮ ಗಾಣಕ್ಕೆ ಎತ್ತು ಕಟ್ಟಿದ ಹಾಗೆ ಅಲ್ಲಿ ಯಂತ್ರಕ್ಕೆ ಕುದುರೆ ಕಟ್ಟುತ್ತಿದ್ದರು. ತಾಮ್ರ ಸಾಲದೆ ಹಳೆಯ ಪಾತ್ರೆಗಳನ್ನೂ ಕರಗಿಸುತ್ತಿದ್ದರು. ಅಷ್ಟು ದೊಡ್ಡ ದೇಶವೂ ಒಮ್ಮೆ ಹೀಗೆ ತಿಣುಕಿತ್ತೆಂದು ತಿಳಿದು ನನಗೆ ಯಾಕೋ ಬಹಳ ಖುಷಿಯಾಯಿತು. ಖುಷಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸ್ವಭಾವ ನನ್ನದಲ್ಲ. ಕಟ್ಟೆಯ ಮೇಲೆ ಸಿಕ್ಕವರಿಗೆಲ್ಲ, "ಈಗ ನನ್ನ ಧ್ಯಾಸ ಎಲ್ಲಾ ಅಮೆರಿಕಾದ ಟಂಕಸಾಲಿ ಮ್ಯಾಲ ಐತಿ" ಎಂದೆ.

ಮಾತು ಹತ್ತಿರದ ಸಂಖ ಊರು ಮುಟ್ಟುವ ಹೊತ್ತಿಗೆ ಮಾಸ್ತರನಿಗೆ ಅಮೆರಿಕದ ಸಾಲಿಗೆ ವರ್ಗವಾಗಿತ್ತು. ಸಂಖದ ಕಿರಾಣಿ ವ್ಯಾಪಾರಿಯೊಬ್ಬರ ಮಗಳು ನೀಲಾಳ ಜೊತೆ ನನ್ನ ಮದುವೆ ನಿಶ್ಚಯವಾಗಿತ್ತು. ಆಕೆಯನ್ನು ನೋಡಿ ಬಂದಾಗಿನಿಂದ ನಾನು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದ್ದೆ. ಸುದ್ದಿ ಕೇಳಿದ ಮರುದಿನವೇ ಆಕೆಯ ಅಪ್ಪ ಬಂದು ಹೊಸ್ತಿಲ ಹೊರಗೇ ನಿಂತರು.

"ಬರ್ರಿ ಮಾವಾರ, ಕುಂದ್ರಿ," ಎಂದೆ.

"ಕುಂದ್ರಾಕ ಬಂದಿಲ್ರಿ ಮಾಸ್ತರ್ರ. ನಮ್ಮ ಹುಡುಗೀನ ಸಮುದ್ರ ದಾಟಿ ಕಳಸಾಂಗಿಲ್ಲ. ನಿಶ್ಚಯ ಮುರದಂಗ ತಿಳೀರಿ."

"ಅದು ಸಾಲಿ ಅಲ್ರಿ, ರೊಕ್ಕ ಹೊಡಿಯೂ ಜಾಗಾ!" ಎಂದು ಬಡಬಡಿಸಿದೆ.

ರೊಕ್ಕ ಹೊಡೆಯುವುದೆಂದರೆ ಜನರ ಬಾಯಲ್ಲಿ ರೊಕ್ಕ ನುಂಗಿಹಾಕುವುದು. ಅವರ ಮುಖ ಇನ್ನಷ್ಟು ಕೆಂಪಾಯಿತು. "ರೊಕ್ಕ ಹೊಡ್ಯಾಕ ಅಷ್ಟು ದೂರ ಹೊಂಟೀರೇನು?"

ಕೊನೆಗೆ ಪುಸ್ತಕವೇ ಕಾಪಾಡಿತು. ಅಮೆರಿಕದ ಮೊದಮೊದಲ ಸೆಂಟ್ ಎಂಬ ನಾಣ್ಯದ ಚಿತ್ರ ತೆರೆದು ತೋರಿಸಿದೆ. ಅದರ ಮೇಲೆ ಕೂದಲು ಕೆದರಿದ ಸ್ವಾತಂತ್ರ್ಯದೇವಿ. ಇಂಥ ನಾಣ್ಯ ತಯಾರಿಸುವ ಕಾರ್ಖಾನೆಯೇ ಟಂಕಸಾಲಿ, ನಾನು ಅದರ ಬಗ್ಗೆ ಬರೀ ಓದುತ್ತಿದ್ದೇನೆ, ಉಮದಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದೆ. ಅವರು ಪುಸ್ತಕವನ್ನು ದೂರ ಹಿಡಿದು ನೋಡಿದರು. "ಈಕಿ ತಲಿ ಬಾಚೂ ಮಂದಿ ಯಾರೂ ಇದ್ದಿಲ್ಲೇನು?" ಎಂದು ನಕ್ಕು, ಒಳಗೆ ಬಂದು ಕುಳಿತರು. ಅಮೆರಿಕದ ಜನರೂ ಆಗ ಆ ನಾಣ್ಯವನ್ನು ಹೀಗೇ ಆಡಿಕೊಂಡಿದ್ದರು. ಆದರೆ ಆ ಹೊತ್ತಿನಲ್ಲಿ ಪಾಂಡಿತ್ಯ ತೋರಿಸುವ ಧೈರ್ಯ ನನಗಿರಲಿಲ್ಲ. ಅವರು ಚಹಾ ಕುಡಿದು ಹೋದ ಮೇಲೆ ನಾನು ಬಿಟ್ಟ ಉಸಿರಿಗೆ ಫಿಲಡೆಲ್ಫಿಯಾದ ಯಂತ್ರ ಕುದುರೆಯಿಲ್ಲದೆ ತಿರುಗಬಹುದಿತ್ತು.

ಮದುವೆಯಾದ ಮೇಲೆ ಈ ಕಥೆ ಹೇಳಿ ನೀಲಾಳನ್ನು ನಗಿಸಹೊರಟೆ. ಜೋಳ ಹಸನು ಮಾಡುತ್ತಿದ್ದ ಆಕೆಯ ಕೈ ನಿಂತಿತು.

"ಅಪ್ಪಾ ಬಂದು ಅಮೆರಿಕಾ ಇಲ್ಲಂತ, ಉಮದೀನೇ ಅಂತ ಅಂದಾಗ ಮನ್ಯಾಗ ಎಲ್ಲಾರಿಗೂ ಜೀವ ಬಂದಂಗಾತು. ನಾ ಒಬ್ಬಾಕಿ ಒಳಗ ಹೋಗಿ ಅತ್ತೀನ್ರಿ."

"ಯಾಕ?"

"ಹಡಗ ಹತ್ತಬೇಕಂತ ಭಾಳ ಆಸೆ ಇತ್ತು. ಹೋಗ್ಲಿ ಬಿಡ್ರಿ, ನೀವಾರ ಸಿಕ್ಕೀರಲ್ಲಾ," ಎಂದು ಮತ್ತೆ ಜೋಳಕ್ಕೆ ಕೈ ಹಾಕಿದಳು.

ಅಮೆರಿಕ ಕೊಟ್ಟು ಆಕೆ ಪಡೆದ ಚಿಲ್ಲರೆ ನಾನು. ಅದು ಸರಿಯಾಗಿದೆಯೋ ಇಲ್ಲವೋ ಎಂದು ಆಕೆ ಇನ್ನೂ ಎಣಿಸಿ ನೋಡಿಲ್ಲ. ಅದೇ ನನಗೆ ನಿರಾಳ.