ಭಾವನ ಬಾಯಲ್ಲಿ ಗುಂಡುಪಿನ್ನು

ನಮ್ಮ ಭಾವ ದರ್ಜಿ. ವಾರವೆಲ್ಲ ಪ್ಯಾಂಟು ಹೊಲಿಯುತ್ತಾರೆ, ಭಾನುವಾರ ಬಂತೋ ಕಾಡಿಗೆ ಓಟ. ವಾಪಸ್ ಬಂದು ಊಟಕ್ಕೆ ಕೂತರೆ ಸಾಕು, ಜಿಂಕೆ ಎಲ್ಲಿ ಮಲಗಿತ್ತು, ಯಾವ ಮರಕ್ಕೆ ಕೊಂಬು ಉಜ್ಜಿತ್ತು, ಹಿಕ್ಕೆ ಎಷ್ಟು ಹಸಿಯಾಗಿತ್ತು ಅಂತ ಶುರು. ನಮಗೆ ತುತ್ತು ಗಂಟಲಲ್ಲಿ ಇಳೀಬೇಕಲ್ಲ!

ಅಕ್ಕನಿಗೆ ರೋಸಿಹೋಯಿತು. "ರೀ, ಈ ಭಾನುವಾರ ನಾವೂ ಬರ್ತೀವಿ. ಜಿಂಕೆ ಕಂಡ್ರೆ ಸರಿ. ಇಲ್ಲಾಂದ್ರೆ ಇನ್ಮೇಲೆ ಭಾನುವಾರನೂ ಅಂಗಡಿ ತೆಗೀಬೇಕು," ಅಂದಳು. ಭಾವನ ಮುಖ ಸಪ್ಪಗಾಯಿತು. ಪಾಪ, ಆ ಮನುಷ್ಯನಿಗೆ ವಾರಕ್ಕೊಮ್ಮೆ ಉಸಿರಾಡೋಕೆ ಇದ್ದಿದ್ದೇ ಆ ಕಾಡು.

ಹೋದೆವು. "ಶ್! ಸದ್ದು ಮಾಡಬಾರದು," ಅಂತ ಭಾವ ನಮ್ಮಿಬ್ಬರನ್ನೂ ಗದರಿದರು. ಆಮೇಲೆ ಅವರ ಬಾಯಿ ನಿಲ್ಲಲೇ ಇಲ್ಲ. "ನೋಡೇ, ತೊಗಟೆ ಸುಲಿದಿದೆ! ಇಲ್ಲಿ ನೋಡಮ್ಮ, ಹುಲ್ಲು ಒರಗಿದೆ, ಮಲಗಿದ್ದ ಜಾಗ!" ಹಿಕ್ಕೆ ಕಂಡಾಗಲಂತೂ ಲಾಟರಿ ಹೊಡೆದವರ ಹಾಗೆ ಕೂಗಿದರು. ಕೊಂಬೆಯ ಮೇಲಿದ್ದ ಹಕ್ಕಿಗಳೂ ಜಾಗ ಖಾಲಿ ಮಾಡಿದವು.

"ಹಿಕ್ಕೆ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ಮುಗೀತು, ಮುಂದಿನ ವಾರದಿಂದ ಅಂಗಡಿ," ಅಂತ ಅಕ್ಕ ಹಿಂದಿರುಗಲು ಹೊರಟಳು.

ಅಷ್ಟರಲ್ಲಿ ತೊರೆಯ ಕೆಸರಲ್ಲಿ ಸೀಳು ಗೊರಸಿನ ಗುರುತು ಕಂಡಿತು. ಭಾವ ಮಂಡಿಯೂರಿ ಜೇಬಿನಿಂದ ಟೇಪು ತೆಗೆದರು. ಅಳತೆ ಅಂದಮೇಲೆ ದರ್ಜಿಯ ಕೈ ಸುಮ್ಮನಿರುತ್ತಾ? ಕಾಲರಿಗೆ ಚುಚ್ಚಿಕೊಂಡಿದ್ದ ಗುಂಡುಪಿನ್ನುಗಳು ತಾವಾಗಿಯೇ ತುಟಿಗಳ ನಡುವೆ ಸೇರಿದವು. ಅಬ್ಬಾ, ಬೆಳಗಿಂದ ಮೊದಲ ಸಲ ಕಾಡು ತಣ್ಣಗಾಯಿತು.

ಆಗ ಅವರ ಬೆನ್ನ ಹಿಂದೆ ಪೊದೆ ಅಲುಗಿತು. ಜಿಂಕೆ! ಹೊರಗೆ ಬಂತು, ನೀರು ಕುಡಿಯಿತು, ಭಾವನ ಬೋಳುತಲೆಯನ್ನೊಮ್ಮೆ ದಿಟ್ಟಿಸಿ ನೋಡಿ ನಿಧಾನಕ್ಕೆ ಹೊರಟುಹೋಯಿತು. ಅಕ್ಕ ಹಿಂಡಿದ ನನ್ನ ತೋಳು ಇವತ್ತಿಗೂ ನೋಯುತ್ತೆ.

ಭಾವ ಪಿನ್ನು ತೆಗೆದರು. "ಹೊಸ ಹೆಜ್ಜೆ ಕಣೇ, ಇಲ್ಲೇ ಎಲ್ಲೋ..."

"ಕಂಡ್ವಿ ರೀ. ನಿಮ್ಮ ಬೆನ್ನ ಹಿಂದೇನೇ ನಿಂತಿತ್ತು."

ಗೆದ್ದೆ ಅಂತ ಕುಣಿಯುತ್ತಾರೆ ಅಂದುಕೊಂಡೆ. ಅವರು ಟೇಪು ಸುತ್ತುತ್ತಾ ಮೆಲ್ಲಗೆ ಕೇಳಿದರು: "ಹೇಗಿತ್ತೇ?"

ಅಯ್ಯೋ ದೇವರೇ! ಇಷ್ಟು ವರ್ಷ ಕಾಡು ಸುತ್ತಿದ ಮನುಷ್ಯ ಒಂದು ಜಿಂಕೆಯನ್ನೂ ಕಂಡಿರಲಿಲ್ಲ. ನಗುವೂ ಬಂತು, ಕರುಳೂ ಚುರ್ ಅಂತು.

ಅಕ್ಕ ಬಗ್ಗಿ ಅವರ ಮಂಡಿಯ ಕೆಸರು ಒರೆಸಿದಳು. "ನಾನ್ಯಾಕೆ ಹೇಳ್ಲಿ? ಮುಂದಿನ ಭಾನುವಾರ ನೀವೇ ನೋಡೀರಂತೆ. ಮನೆಯಿಂದಲೇ ಬಾಯಿ ತುಂಬಾ ಪಿನ್ನು ಇಟ್ಕೊಂಡು ಹೊರಡಿ, ಅಷ್ಟೇ."