ಹೋರ್ಡಿಂಗ್ ಕೆಳಗಿನ ಸ್ಟೇಷನ್

ಆ ದಿನ ಕಾರಿನ ರೇಡಿಯೋದಲ್ಲಿ ಗೊರಗೊರ ಸದ್ದು ಇತ್ತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಂತೂ ಇಲ್ಲ. ನೆನಪೇ ಅದನ್ನು ಸೋಸಿರಬಹುದು.

ದುಬೈಯಲ್ಲಿ ನನ್ನ ರೂಮ್‌ಮೇಟ್ ಒಂದು ಸಣ್ಣ ಎಎಂ ರೇಡಿಯೋ ಸ್ಟೇಷನ್ನಿಗೆ ಜಾಹೀರಾತು ಹಿಡಿದು ತರುತ್ತಿದ್ದ. ಸ್ಟೇಷನ್ನಿನ ದನಿ ನಾಲ್ಕು ಟ್ರಾಫಿಕ್ ಸಿಗ್ನಲ್ ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ಹೆದ್ದಾರಿ ಪಕ್ಕದ ಅದರ ಹೋರ್ಡಿಂಗ್ ಮಾತ್ರ ಬಹುದೂರದಿಂದಲೇ ಕಾಣುತ್ತಿತ್ತು. ಯಾರು ದೂರಿದರೂ ಅವನು ಟೈ ಸರಿಮಾಡಿಕೊಂಡು, “ಸ್ವಲ್ಪ ಮುಂದೆ ಹೋದ್ರೆ ಕ್ಲಿಯರ್ ಬರ್ತದೆ” ಎನ್ನುತ್ತಿದ್ದ. ಮರಳಗಾಳಿಯಲ್ಲಿ ದಾರಿ ಕಾಣದಾಗಲೂ ಅದೇ ಮಾತು.

ಭಟ್ಕಳದ ಅತ್ತರು ವ್ಯಾಪಾರಿಯೊಬ್ಬರು ಮಾತ್ರ ಕರಗಲಿಲ್ಲ.

“ಅಲ್ ಕೂಜ್‌ನ ನನ್ನ ಗೋಡೌನಲ್ಲಿ ಬರೀ ಗುಂಯ್ ಅಂತದೆ ಮಾರಾಯಾ. ಈ ವರ್ಷಕ್ಕೆ ಜಾಹೀರಾತು ಖಲಾಸ್.”

ಆ ಒಪ್ಪಂದ ತಪ್ಪಿದರೆ ರೂಮ್‌ಮೇಟ್‌ನ ಕೆಲಸ ಹೋಗುತ್ತಿತ್ತು, ಹಿಂದೆಯೇ ವೀಸಾ. “ಬನ್ನಿ ಸಾಹೇಬ್ರೆ, ನನ್ನ ಗಾಡಿಯಲ್ಲಿ ಕೇಳುವ” ಎಂದು ವ್ಯಾಪಾರಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಇಂಜಿನಿಯರ್ ಸಾಕ್ಷಿಯಾಗಿ ನಾನು ಹಿಂದೆ ಕೂತೆ. ಹೋರ್ಡಿಂಗ್ ಹತ್ತಿರವಾದಾಗ ಅವನು ರೇಡಿಯೋದ ಬಟನ್ ಒತ್ತಿದ. ಅತ್ತರಂಗಡಿಯ ಜಾಹೀರಾತು ಗಂಟೆ ಬಡಿದಂತೆ ಕೇಳಿತು.

“ಅರೆ, ಇಷ್ಟು ಕ್ಲಿಯರ್ರಾ! ಇನ್ನೊಮ್ಮೆ ಬರ್ತದಾ?”

“ಬರದೆ ಎಲ್ಲಿ ಹೋಗ್ತದೆ? ಯು-ಟರ್ನ್ ತಗೊಳ್ಳುವ.”

ತಿರುಗಿ ಬಂದೆವು. ಅದೇ ಹೋರ್ಡಿಂಗ್ ಕೆಳಗೆ ಅದೇ ಜಾಹೀರಾತು, ನಮಗಾಗಿಯೇ ಕಾದಿದ್ದಂತೆ, ಮತ್ತೆ ಬಂತು. ತರಂಗಗಳ ಬಗ್ಗೆ ನಾಲ್ಕು ವರ್ಷ ಓದಿದ್ದ ನಾನೂ ತಲೆಯಾಡಿಸಿದೆ. ವ್ಯಾಪಾರಿ ಬಾನೆಟ್ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ಕೆಲ ವರ್ಷಗಳ ನಂತರ ರೂಮ್‌ಮೇಟ್ ಊರಿಗೆ ಹೊರಟಾಗ ಆ ಕಾರನ್ನು ನಾನೇ ಕೊಂಡೆ. ರೇಡಿಯೋದ ಪ್ರತಿ ಬಟನ್ ಒತ್ತಿ ನೋಡಿದೆ, ಕೈಪಿಡಿಯನ್ನೂ ಓದಿದೆ. ಆ ಸೆಟ್ಟಿನಲ್ಲಿ ಎಫ್‌ಎಂ ಇತ್ತು, ಪೆನ್‌ಡ್ರೈವ್ ಹಾಕಲು ಜಾಗವಿತ್ತು. ಎಎಂ ಇರಲೇ ಇಲ್ಲ.