ಮೀನುಗಳ ಏಕಾದಶಿ

ಅತ್ತೆಯನ್ನು ನಾನು ಮೊದಲ ಸಲ ನೋಡಿದ್ದು ನೀರಿನ ಮೂಲಕ. ಮುಂಬಯಿಯ ಸಾಂತಾಕ್ರೂಜ್ ಸ್ಟೇಶನ್ ಹತ್ತಿರದ ಅವರ ಹೋಟೆಲಿನಲ್ಲಿ ಗಲ್ಲಾದ ಪಕ್ಕಕ್ಕೆ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ಇತ್ತು. ಅದರಾಚೆ ಕೂತ ಹೆಂಗಸಿನ ಮುಖ ಎರಡು ಮುಖದಷ್ಟು ಅಗಲವಾಗಿ ಕಾಣುತ್ತಿತ್ತು. ಕೆಂಪು ಮೀನೊಂದು ನಿಧಾನಕ್ಕೆ ತೇಲಿ ಬಂದು ಆ ಮುಖದ ಮೂಗುತಿಯನ್ನು ಮುಚ್ಚಿ, ಮತ್ತೆ ತೆರೆದು, ಆಚೆ ಹೋಯಿತು. ಇಷ್ಟು ದೊಡ್ಡ ಹೆಂಗಸಿನ ಕೈಕೆಳಗೆ ಬಾಳುವುದು ಹೇಗಪ್ಪಾ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವರೇ ಎದ್ದು ಈಚೆ ಬಂದರು. ನೋಡಿದರೆ ನನ್ನ ಭುಜದೆತ್ತರಕ್ಕೂ ಇಲ್ಲ. "ಕೂತ್ಕೊ ಮಾರಾಯ್ತಿ. ಮೊದಲು ಕಾಫಿ ಕುಡಿ. ನನ್ನ ಮಗನ ಮೇಲಿನ ದೂರೆಲ್ಲ ಆಮೇಲೆ ಹೇಳು" ಅಂದರು.

ನಮ್ಮದು ಧಾರವಾಡದ ಕಡೆ. ಅಪ್ಪನ ನೌಕರಿಯಿಂದಾಗಿ ನಾನು ಬೆಳೆದದ್ದು ವಡಾಲದ ಕಾಲೊನಿಯಲ್ಲಿ. ಬಾಯಿ ಸ್ವಲ್ಪ ಜೋರು, ಸಿಟ್ಟು ಮೂಗಿನ ತುದಿಯಲ್ಲೇ. ಅತ್ತೆಯದು ಉಡುಪಿಯ ಕಡೆಯ ಮನೆತನ. ಗಂಡನೊಂದಿಗೆ ತುಳು, ನನ್ನೊಂದಿಗೆ ಕನ್ನಡ, ಗಿರಾಕಿಗಳೊಂದಿಗೆ ಹಿಂದಿ, ತರಕಾರಿಯವಳೊಂದಿಗೆ ಮರಾಠಿ. ಯಾವ ಭಾಷೆಯಲ್ಲೂ ಅವರು ದನಿ ಏರಿಸಿದ್ದನ್ನು ನಾನು ಕೇಳಲಿಲ್ಲ. ನನ್ನಂಥವಳಿಗೆ ಅದೇ ಮೊದಲು ಸೋಜಿಗ, ಆಮೇಲೆ ಕಿರಿಕಿರಿ, ಕೊನೆಗೆ ಭಕ್ತಿಯೇ ಆಗಿಹೋಯಿತು.

ತೊಟ್ಟಿಯಲ್ಲಿದ್ದದ್ದು ಗೋಲ್ಡ್‌ಫಿಶ್. ಅಂಗೈಯಗಲ ಬೆಳೆದ ದಢೂತಿ ಮೀನುಗಳು. ಅವುಗಳಲ್ಲಿ ಹಿರಿಯದನ್ನು, ಅಂದರೆ ಮೂಗುತಿ ಮುಚ್ಚಿದ ಆ ಕೆಂಪು ಮೀನನ್ನು, ಹೋಟೆಲಿನವರೆಲ್ಲ 'ಮ್ಯಾನೇಜರ್' ಎನ್ನುತ್ತಿದ್ದರು. ಕೆಲಸವೇನೂ ಮಾಡದೆ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಎಲ್ಲರ ಮೇಲೂ ಕಣ್ಣಿಡುತ್ತದೆ ಎಂಬ ಕಾರಣಕ್ಕೆ. ಅದನ್ನು ಮಾವ ತಂದದ್ದು ನನ್ನ ಮದುವೆಗೂ ಎಷ್ಟೋ ವರ್ಷ ಮೊದಲು. ಅವರು ಗಾಜಿಗೆ ಬೆರಳು ತಾಗಿಸಿದರೆ ಸಾಕು, ಓಡಿ ಬರುತ್ತಿತ್ತು.

ಅತ್ತೆ ತೊಟ್ಟಿಗೆ ಕೈ ಹಾಕುವ ಮೊದಲು ಬಲಗೈಯ ಬಳೆಗಳನ್ನೆಲ್ಲ ತೆಗೆದು ಎಡಗೈಗೆ ಏರಿಸಿಕೊಳ್ಳುತ್ತಿದ್ದರು. ಮೀನಿನ ಪೊರೆಗೆ ಬಳೆಯ ಗಾಜು ತಾಗಬಾರದಂತೆ. ಹಿಂದೊಮ್ಮೆ ಯಾರೋ ತೊಟ್ಟಿಯನ್ನು ಪಾತ್ರೆಯ ಸಾಬೂನಿನಿಂದ ಫಳಫಳ ತೊಳೆದಿಟ್ಟು ಒಂದು ಸಂಸಾರ ಮೀನು ಪೂರ್ತಿ ಸತ್ತುಹೋಗಿತ್ತಂತೆ. ಅಲ್ಲಿಂದ ಅವರು ಕಲಿತದ್ದನ್ನು ನನಗೆ ಹೀಗೆ ಹೇಳಿದ್ದರು: "ಮೀನು ಸಾಕುದು ಅಂತ ಇಲ್ಲ. ನಾವು ನೀರು ಸಾಕುದು. ಮೀನು ಅದರಲ್ಲಿ ಇರ್ತದೆ ಅಷ್ಟೆ."

ಹೋಟೆಲೂ ನಮ್ಮ ಮನೆಯೂ ಇದ್ದ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು. ಹೊಸದು ಏಳುವವರೆಗೆ ಹೋಟೆಲು ಮುಚ್ಚಬೇಕು. ಮುಚ್ಚುವ ಮಾತು ಬಂದ ದಿನದಿಂದ ಅತ್ತೆ ಫೋನು ಹಿಡಿದು ಕೂತರು. ಜೋಗೇಶ್ವರಿಯ ಹೋಟೆಲಿಗೆ ಇಬ್ಬರು ಸಪ್ಲಾಯರು, ಥಾಣೆಯ ಕ್ಯಾಂಟೀನಿಗೆ ಪಾತ್ರೆ ತೊಳೆಯುವವನು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ನೆಲೆ ನೋಡಿದರು. ಎಲ್ಲರೂ ಹೋದ ಮೇಲೆ ಉಳಿದದ್ದು ಮೀನುಗಳು. ನಾವೆಲ್ಲ ವಡಾಲದ ಬಾಡಿಗೆ ಫ್ಲ್ಯಾಟಿಗೆ ಹೋಗುವವರು. ಅಲ್ಲಿ ಮಂಚ ಹಾಕಿದರೆ ತೊಟ್ಟಿಗೆ ಜಾಗವಿಲ್ಲ, ತೊಟ್ಟಿ ಇಟ್ಟರೆ ನಮಗಿಲ್ಲ.

ಮುಂಬಯಿಯಲ್ಲೇ ಒಯ್ಯಲು ಸಿದ್ಧರಿದ್ದವರು ಬೇಕಾದಷ್ಟು ಮಂದಿ. ಆದರೆ ಮೊದಲು ಕೇಳಿದವರು ನಮ್ಮ ಹೋಟೆಲಿನ ಭಟ್ಟರು. ಅಡಿಗೆಮನೆಯನ್ನು ಅಷ್ಟು ವರ್ಷ ನಡೆಸಿ, ಈಗ ಬೆಳಗಾವಿಯಲ್ಲಿ ಅಳಿಯನೊಂದಿಗೆ ಸಣ್ಣ ಹೋಟೆಲು ಹಾಕಿದ್ದರು. ನಮ್ಮಲ್ಲಿದ್ದಾಗ ಮಧ್ಯಾಹ್ನ ಒಲೆ ಆರಿದ ಮೇಲೆ ತೊಟ್ಟಿಯ ಮುಂದೆ ಕೂತು ಬೆವರು ಆರಿಸಿಕೊಳ್ಳುವುದು ಅವರ ರೂಢಿ. "ಅಮ್ಮ, ಅವು ಇಲ್ಲದೆ ನನಗೆ ಮಧ್ಯಾಹ್ನವೇ ಆಗುದಿಲ್ಲ" ಎಂದು ಫೋನಿನಲ್ಲಿ ಅಂದರಂತೆ. ಅತ್ತೆ ಮಾತು ಕೊಟ್ಟುಬಿಟ್ಟರು. ಒಂದನ್ನೂ ಕಳೆದುಕೊಳ್ಳದೆ ಮುಟ್ಟಿಸುತ್ತೇನೆ ಅಂದರು.

ಬೆಳಗಾವಿ ಎಂದರೆ ಕಾರಿನಲ್ಲಿ ಇಡೀ ಹಗಲಿನ ದಾರಿ. ಅತ್ತೆಯ ತಯಾರಿ ನೋಡಿದರೆ ಮದುವೆಯ ದಿಬ್ಬಣ ಹೊರಟಂತಿತ್ತು. ಭಟ್ಟರಿಗೆ ವಿಡಿಯೋ ಕಾಲಿನಲ್ಲಿ ಹೇಳಿ ಹೊಸ ತೊಟ್ಟಿ ಕೊಡಿಸಿ, ನೀರು ತುಂಬಿಸಿ, ವಾರಗಟ್ಟಲೆ ಪಂಪು ಓಡಿಸಿದರು. ನನ್ನ ಗಂಡ ಮಾರ್ಕೆಟಿನಿಂದ ತಂದ ಥರ್ಮಾಕೋಲ್ ಪೆಟ್ಟಿಗೆಗಳನ್ನು ಅತ್ತೆ ಮೂಸಿ ನೋಡಿ ವಾಪಸು ಕಳಿಸಿದರು. ಐಸಿನಲ್ಲಿಟ್ಟ ಬಂಗುಡೆಯ ವಾಸನೆ. "ಸತ್ತವರ ಮನೆಯಲ್ಲಿ ಇವರನ್ನು ಕೂರಿಸುದಾ?" ಕೊನೆಗೆ ಔಷಧದಂಗಡಿಯ ಪೆಟ್ಟಿಗೆಗಳು ಬಂದವು. ಹಳೆ ತೊಟ್ಟಿಯ ನೀರನ್ನೇ ಕ್ಯಾನುಗಳಲ್ಲಿ ತುಂಬಿಸಿದಾಗ ನನ್ನ ಗಂಡ ಗೊಣಗಿದರು. "ಅಮ್ಮಾ, ಪಾನಿ ತೋ ಬೆಳಗಾವಿಯಲ್ಲೂ ಸಿಗ್ತದಲ್ಲ. ಇಷ್ಟೆಲ್ಲ ವೇಟ್ ಯಾಕೆ ಫಾಲ್ತು?"

"ಸಿಗ್ತದೆ. ಆದ್ರೆ ಅದು ಬೆಳಗಾವಿಯ ನೀರು" ಅಂದರು ಅತ್ತೆ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಊಟದ್ದು. ಹೊರಡುವ ಎರಡು ದಿನ ಮೊದಲೇ ಮೀನುಗಳಿಗೆ ಆಹಾರ ಬಂದ್. "ಇವತ್ತಿಂದ ಇವರಿಗೆ ಏಕಾದಶಿ" ಎಂದು ಘೋಷಿಸಿದರು. ಹೊಟ್ಟೆಗೆ ಹೋದದ್ದು ದಾರಿಯಲ್ಲಿ ಹೊರಗೆ ಬರುತ್ತದೆ, ಚೀಲದ ಒಂದಿಷ್ಟು ನೀರಿನಲ್ಲೇ ಕರಗಿ ವಿಷವಾಗುತ್ತದೆ, ಅದರಲ್ಲೇ ಅವು ಉಸಿರಾಡಬೇಕು ಎಂದು ನಮ್ಮೆಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದರು. ಮಾವನೂ ತಲೆಯಾಡಿಸಿದ್ದರು.

ಮಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರೂ ಖಾಲಿ ಹೊಟ್ಟೆಯಲ್ಲಿ ಪ್ರಯಾಣ ಹೊರಡಬಾರದು ಎನ್ನುವುದು ಅವರಿಗೆ ದೇವರ ಆಣೆಯಿದ್ದಂತೆ. ಊರಿಗೆ ಹೊರಟ ಸಪ್ಲಾಯರ ಕೈಗೆ ಇಡ್ಲಿ ಪೊಟ್ಟಣ ಕೊಡದೆ ಕಳಿಸಿದವರಲ್ಲ. ನಾನು ತವರಿಗೆ ಹೋಗುವುದೆಂದರೆ ಟ್ಯಾಕ್ಸಿಯಲ್ಲಿ ಅರ್ಧ ತಾಸಿನ ದಾರಿ. ಅದಕ್ಕೂ ಬುತ್ತಿ ಕಟ್ಟುತ್ತಿದ್ದರು.

ಹೊರಡುವ ದಿನ ಬೆಳಗ್ಗೆ ಮಾವ ನಮಗಿಂತ ಮೊದಲೇ ಹೋಗಿ ಹೋಟೆಲಿನ ಶಟರು ತೆಗೆದಿದ್ದರು. ನಾವು ತಲುಪಿದ ಮೇಲೆ ಅತ್ತೆ ಒಂದೊಂದೇ ಮೀನನ್ನು ಅಂಗೈಯಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟರು. ಚೀಲದಲ್ಲಿ ಕಾಲು ಪಾಲು ನೀರು, ಉಳಿದದ್ದೆಲ್ಲ ಗಾಳಿ. ಅದರ ಮೇಲೊಂದು ಚೀಲ. ಕತ್ತಲಿದ್ದರೆ ಶಾಂತವಾಗಿರುತ್ತವೆ ಎಂದು ಪೆಟ್ಟಿಗೆಯ ಮುಚ್ಚಳ ಬಿಗಿ ಮಾಡಿದರು. ನೀರನ್ನು ಹದವಾಗಿಡುವ ಫಿಲ್ಟರಿನ ಹಳೆ ಸ್ಪಂಜನ್ನು ತೊಳೆಯದೆ ಒದ್ದೆಯಾಗಿಯೇ ಡಬ್ಬಿಯಲ್ಲಿ ಹಾಕಿಕೊಂಡರು. ವಾಶಿ ದಾಟಿ ಖಂಡಾಲಾ ಘಾಟಿ ಹತ್ತುವಾಗ ನನ್ನ ಗಂಡನಿಗೆ ಹಿಂದಿನಿಂದ ಅತ್ತೆಯ ಒಂದೇ ಮಾತು ಕೇಳುತ್ತಿತ್ತು. "ಬ್ರೇಕು ಮೆಲ್ಲ. ಅವರು ನಿಂತುಕೊಂಡು ಬರ್ತಿದ್ದಾರೆ."

ಪುಣೆ ದಾಟಿದ ಮೇಲೆ ಕಾರು ನಿಲ್ಲಿಸಲು ಹೇಳಿ, ಅತ್ತೆ ಸೆರಗು ಮುಚ್ಚಿದ ಟಾರ್ಚಿನಲ್ಲಿ ಪೆಟ್ಟಿಗೆಯೊಳಗೆ ಇಣುಕಿದರು. ನಾನೂ ಬಗ್ಗಿ ನೋಡಿದೆ. ಚೀಲದ ನೀರು ಅಕ್ಕಿ ತೊಳೆದ ನೀರಿನಂತೆ ಬಿಳಿಚಿಕೊಂಡಿತ್ತು. ಮ್ಯಾನೇಜರ್ ಮೇಲೆ ಬಂದು ಬಾಯಿ ಕಳೆದು ಕಳೆದು ಗಾಳಿ ನುಂಗುತ್ತಿತ್ತು.

"ಇವಕ್ಕೆ ತಿನ್ಲಿಕ್ಕೆ ಯಾರು ಹಾಕಿದ್ದು?" ಅಂದರು ಅತ್ತೆ.

ಮಾವ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು, "ಇಡ್ಲಿ... ಸ್ವಲ್ಪ ಪುಡಿ ಮಾಡಿ ಹಾಕಿದೆ. ನಮ್ಮಲ್ಲಿಂದ ಹಸಿದುಕೊಂಡು ಹೋಗುದು ಹೇಗೆ ಅಂತ."

ನನಗೆ ತಡೆಯಲಾಗಲಿಲ್ಲ. "ಎರಡು ದಿನದಿಂದ ಬಾಯಿ ಬಡಕೊಂಡು ಹೇಳ್ಯಾರಲ್ರೀ ಮಾವಾರ, ಒಂದು ಮಾತರ ಕಿವಿಗೆ ಬೀಳಲಿಲ್ಲೇನು ನಿಮಗ?" ಎಂದು ಶುರು ಮಾಡಿದೆ. ಅತ್ತೆ ನನ್ನ ಮೊಣಕೈ ಹಿಡಿದರು. ಗಟ್ಟಿಯಾಗಿ ಹಿಡಿದರು. ನಾನು ಬಾಯಿ ಮುಚ್ಚಿದೆ. ಅವರು ಮಾವನನ್ನು ಕೇಳಿದ್ದು ಎರಡೇ ಪ್ರಶ್ನೆ. "ಎಷ್ಟು ಹಾಕಿದ್ದು? ಎಲ್ಲರೂ ತಿಂದರಾ?" ಔಷಧ ಕೊಡುವ ಮೊದಲು ಡಾಕ್ಟರು ಕೇಳುವ ದನಿಯಲ್ಲಿ.

ನೀರು ಬದಲಿಸದೆ ದಾರಿಯಿರಲಿಲ್ಲ. ಸಾತಾರಾ ದಾಟಿ ಕನ್ನಡ ಬೋರ್ಡಿನ ಹೋಟೆಲೊಂದು ಕಂಡಿತು. ಅತ್ತೆ ನೇರ ಗಲ್ಲಾಕ್ಕೆ ಹೋಗಿ ತುಳುವಿನಲ್ಲಿ ಎರಡು ಮಾತಾಡಿದರು. ಮಾಲೀಕರು ಎದ್ದು ನಿಂತು ಅಡಿಗೆಮನೆಯ ಬಾಗಿಲನ್ನೇ ತೆರೆದುಕೊಟ್ಟರು. ಅಲ್ಲಿನ ದೊಡ್ಡ ಹಂಡೆಗಳನ್ನೆಲ್ಲ ಬೆರಳಿನಿಂದ ಉಜ್ಜಿ ನೋಡಿ ಅತ್ತೆ ಒಂದನ್ನೂ ಒಪ್ಪಲಿಲ್ಲ. ಎಲ್ಲಕ್ಕೂ ಸಾಬೂನು ತಾಗಿತ್ತು. ಕೊನೆಗೆ ಹಂಡೆಯೊಳಗೆ ಹೊಸ ಪ್ಲಾಸ್ಟಿಕ್ ಹಾಸಿ, ನನ್ನ ಗಂಡ ಫಾಲ್ತು ಅಂದಿದ್ದ ಆ ನೀರನ್ನು ತುಂಬಿಸಿದರು. ಬಳೆಗಳು ಎಡಗೈಗೆ ಏರಿದವು.

ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಕೆಟ್ಟ ನೀರಿನ ಒಂದು ಹನಿಯೂ ಹಂಡೆಗೆ ಬೀಳದಂತೆ, ಮೀನಿನ ಹೊಟ್ಟೆಯ ಕೆಳಗೆ ಅಂಗೈಯಿಟ್ಟು, ಇನ್ನೊಂದು ಅಂಗೈಯನ್ನು ಅದರ ಕಣ್ಣಿನ ಮೇಲೆ ಮುಚ್ಚಿ, ಒಂದೊಂದು ಮೀನನ್ನೂ ಎತ್ತಿ ಬಿಟ್ಟರು. ಒದ್ದಾಡುವ ಮೀನು ಆ ಕೈಗೆ ಬಂದ ಕೂಡಲೇ ಸುಮ್ಮನಾಗುತ್ತಿತ್ತು. ದೋಸೆ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡೇ ಬಂದು ಸುತ್ತ ನಿಂತರು. ಲಾರಿ ಡ್ರೈವರೊಬ್ಬ ಅಗಿಯುವುದನ್ನು ಮರೆತು ನೋಡುತ್ತಿದ್ದ. ಇಷ್ಟು ವರ್ಷ ಇವರ ಜೊತೆ ಒಂದೇ ಮನೆಯಲ್ಲಿ ಉಂಡು ಮಲಗಿ ಎದ್ದ ನಾನು, ಆವತ್ತು ಅವರನ್ನು ಹೊಸದಾಗಿ ನೋಡುವವಳಂತೆ ನೋಡಿದೆ.

ಹೊಸ ಚೀಲಗಳಲ್ಲಿ ಉಳಿದ ಮೀನುಗಳು ಚೇತರಿಸಿಕೊಂಡವು. ಮ್ಯಾನೇಜರ್ ಮಾತ್ರ ವಾಲಿಕೊಂಡೇ ಇತ್ತು. ಎಲ್ಲರಿಗಿಂತ ಹೆಚ್ಚು ಇಡ್ಲಿ ತಿಂದದ್ದೂ ಅದೇ. ಬೆರಳಿಗೆ ಓಡಿ ಬಂದಿತ್ತಲ್ಲ, ಮಾವ ಪ್ರೀತಿಯಿಂದ ಹೆಚ್ಚೇ ಹಾಕಿದ್ದರು. ಕರಾಡ ದಾಟಿತು. ಕೊಲ್ಹಾಪುರದಲ್ಲಿ ಮಾವನಿಗೆ ಚಹಾ ಕೊಟ್ಟರೆ ಬೇಡವೆಂದರು. ಊಟ ತಿಂಡಿಗೆ ಅವರು ಬೇಡವೆಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು, ಅದರ ಜಾಗದಲ್ಲಿ ಹೆದರಿಕೆ ಬಂತು.

ಬೆಳಗಾವಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಭಟ್ಟರು ಬಾಳೆಲೆ ಹಾಕಿ ಕಾದಿದ್ದರು. ಅತ್ತೆ ಎಲೆಯ ಕಡೆ ನೋಡಲೇ ಇಲ್ಲ. ಮೀನುಗಳನ್ನು ತಂದ ನೀರಿನೊಡನೆಯೇ ಬೇಸಿನ್ನುಗಳಿಗೆ ಇಳಿಸಿ, ಅಲ್ಲಿನ ನೀರನ್ನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಬೆರೆಸುತ್ತ ಕೂತರು. ಒಗ್ಗಿದ ಒಂದೊಂದನ್ನೇ ತೊಟ್ಟಿಗೆ ಬಿಟ್ಟರು. ಕೊನೆಗೆ ಮ್ಯಾನೇಜರ್. ಕೈ ಬಿಟ್ಟರೆ ಮಗುಚಿ ಬೀಳುತ್ತಿತ್ತು. ಪಂಪಿನ ಗುಳ್ಳೆಗಳ ಎದುರಿಗೆ ಬಾಯಿ ಬರುವಂತೆ ಅದನ್ನು ಅಂಗೈಯಲ್ಲಿ ನೆಟ್ಟಗೆ ಹಿಡಿದು ಅತ್ತೆ ಕೂತೇ ಇದ್ದರು. ಕಿವಿರು ಆಡುತ್ತಿದೆಯೋ ಇಲ್ಲವೋ ಎಂಬಂತಿತ್ತು.

ಮಾವ ದೂರದ ಬೆಂಚಿನಲ್ಲಿ ತಲೆ ತಗ್ಗಿಸಿದ್ದರು. ಅತ್ತೆ ಕರೆದರು.

"ಇಲ್ಲಿ ಬನ್ನಿ. ನನ್ನ ಕೈ ಸೋತಿತು. ನೀವು ಸ್ವಲ್ಪ ಹಿಡೀರಿ."

"ನಾನಾ? ನನ್ನ ಕೈಯಲ್ಲಿ ಬೇಡ" ಅಂದರು ಮಾವ.

"ನಿಮ್ಮ ಕೈಯೇ ಅದಕ್ಕೆ ಗುರ್ತ. ಬನ್ನಿ."

ಮಾವ ಅಂಗಿಯ ತೋಳು ಮಡಚಿ ನೀರಿಗೆ ಕೈಯಿಟ್ಟರು. ಅತ್ತೆ ಅವರ ಬೆರಳುಗಳನ್ನು ಸರಿ ಮಾಡಿ, ಎಲ್ಲಿ ಬಿಗಿ ಬೇಕು, ಎಲ್ಲಿ ಬೇಡ ಎಂದು ತೋರಿಸಿ ಎದ್ದರು. ಎದ್ದವರು ಅದೇ ಸೋತ ಕೈಯಲ್ಲಿ, ನನ್ನ ಗಂಡ ಎರಡು ಕೈಯಲ್ಲಿ ಎತ್ತಿದ್ದ ತುಂಬಿದ ಕ್ಯಾನನ್ನು ಎತ್ತಿ ಆಚೆ ಇಟ್ಟರು. ನಾನು ನೋಡಿದ್ದನ್ನು ಅವರೂ ನೋಡಿದರು. ಏನೂ ಹೇಳಬೇಡ ಎಂದು ಕಣ್ಣಲ್ಲೇ ಅಂದರು.

ಮಾವ ಎಷ್ಟು ಹೊತ್ತು ಹಾಗೆ ಹಿಡಿದು ಕೂತರೋ ತಿಳಿಯದು. ಭಟ್ಟರು ಒಂದೆರಡು ಸಲ ಸಾರು ಬಿಸಿ ಮಾಡಿದರು. ಮೀನಿನ ಬಾಲ ಒಮ್ಮೆ ಅಲುಗಿತು, ಮತ್ತೆ ನಿಂತಿತು. ಆಮೇಲೆ ಅದು ಮಾವನ ಬೆರಳುಗಳ ನಡುವಿನಿಂದ ಜಾರಿ, ವಾಲುತ್ತ, ಸರಿಯಾಗುತ್ತ, ತೊಟ್ಟಿಯ ಆ ತುದಿಯವರೆಗೆ ಈಜಿತು. ಅಲ್ಲಿಂದ ತಿರುಗಿ ಬಂತು. ಮಾವ ಒದ್ದೆ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನನಗೂ ಅಳು ಬಂತು. ಅತ್ತೆ ಮಾತ್ರ ಸೆರಗಿನಿಂದ ಕೈ ಒರೆಸಿಕೊಂಡು, "ಇನ್ನು ಊಟಕ್ಕೆ ಏಳುವ. ಅವರಿಗೆ ಮಾತ್ರ ನಾಡಿದ್ದಿನವರೆಗೆ ಪಾರಣೆ ಇಲ್ಲ, ಕೇಳಿತಾ?" ಅಂದರು.

ವಾಪಸು ಬರುವಾಗ ಮಾವ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ನಾನು ಕೇಳಿಯೇಬಿಟ್ಟೆ. "ನಿಮ್ಮ ಕೈ ಸೋತಿರಲಿಲ್ಲ ಅಲ್ರೀ?"

ಅತ್ತೆ ಮುಂದಿನ ಸೀಟಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೀನು ಸತ್ತಿದ್ದರೂ ಅವರ ಕೈಯಲ್ಲೇ ಸಾಯ್ಬೇಕಿತ್ತು. ಉಳಿಸ್ಲಿಕ್ಕೆ ನೋಡಿದೆ ಅಂತ ಅವರಿಗೆ ಸಮಾಧಾನ ಆದ್ರೂ ಆಗ್ತಿತ್ತು. ಇಲ್ಲದಿದ್ರೆ ಪಾಪ, ಇನ್ನು ಮುಂದೆ ಇಡ್ಲಿ ನೋಡುವಾಗೆಲ್ಲ ಅದೇ ನೆನಪು."

ಯಾರಾದರೂ ತಪ್ಪು ಮಾಡಿದಾಗ ಈಗಲೂ ನನ್ನ ಬಾಯಿ ಮೊದಲು ಓಡುತ್ತದೆ. ಆದರೆ ಮೊಣಕೈಯ ಹತ್ತಿರ ಆ ಬಿಗಿ ಹಿಡಿತ ನೆನಪಾಗಿ, ಹತ್ತರಲ್ಲಿ ನಾಲ್ಕು ಸಲವಾದರೂ ನಿಲ್ಲಿಸುತ್ತೇನೆ. ನನ್ನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ಮರುವರ್ಷದ ಮಳೆಗಾಲದಲ್ಲಿ ಅತ್ತೆ ಆಸ್ಪತ್ರೆ ಸೇರಿದರು. ಶ್ವಾಸಕೋಶದಲ್ಲಿ ನೀರು ತುಂಬಿದೆ ಅಂದರು ಡಾಕ್ಟರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ನೆಟ್ಟಗೆ ಕೂರಲು ಬಲವಿರಲಿಲ್ಲ. ದಿಂಬುಗಳು ಜಾರುತ್ತಿದ್ದವು. ಮಾವ ಎಲ್ಲ ದಿಂಬು ತೆಗೆಸಿ, ಮಂಚದ ಅಂಚಿನಲ್ಲಿ ಕೂತು, ಬೆನ್ನಿಗೊಂದು ಅಂಗೈ, ಎದೆಗೊಂದು ಅಂಗೈ ಇಟ್ಟು ಅವರನ್ನು ಎತ್ತಿ ಹಿಡಿದರು. ಎಲ್ಲಿ ಬಿಗಿ ಬೇಕು, ಎಲ್ಲಿ ಬೇಡ ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ನರ್ಸು ಬಂದು, "ಬಾಬಾ, ನೀವು ಸ್ವಲ್ಪ ಮಲಗಿ" ಎಂದು ಮರಾಠಿಯಲ್ಲಿ ಹೇಳಿ ಹೋದಳು. ಮಾವ ಏಳಲಿಲ್ಲ. ಕೊನೆಯ ದಿನ ಮಧ್ಯಾಹ್ನ ಅತ್ತೆ ಕಣ್ಣು ತೆರೆದು, ಒಂದೊಂದೇ ಅಕ್ಷರ ಕೂಡಿಸಿ ಕೇಳಿದರು.

"ನಿಮ್ಮ ಕೈ ಸೋತಿತಾ?"

"ಇಲ್ಲ" ಅಂದರು ಮಾವ. "ನೀನು ಉಸಿರು ತಕೊ. ನಾನು ಹಿಡಿದಿದ್ದೇನೆ."